ನಿಲ್ಲದವನೇ, ಏಳು

ಆ ಆಶ್ರಮದಲ್ಲಿ ಬೆಳಗಾದರೆ ಮೊದಲು ಎಬ್ಬಿಸುತ್ತಿದ್ದದ್ದು ಮನುಷ್ಯರನ್ನಲ್ಲ, ಭರಣಿಗಳನ್ನು.

ನಗಬೇಡಿ, ಅಲ್ಲಿಯ ಪದ್ಧತಿಯೇ ಹಾಗೆ. ಹೊಳೆ ದಂಡೆಯ ಮೇಲೆ ಒಂದು ಔಷಧದ ಮನೆ, ಅದಕ್ಕೊಂದು ಜಗಲಿ, ಆಚೆಗೊಂದು ಒಲೆ. ಔಷಧದ ಮನೆಯೊಳಗೆ ಹೋದವರು ಭರಣಿಯ ಮುಂದೆ ನಿಂತು, ಒಳಗಿರುವ ವಸ್ತುವನ್ನು ಅದರ ಗುಣ ಹಿಡಿದು ಕರೆದು, ‘ಏಳು’ ಅನ್ನಬೇಕು. ಆಮೇಲೆ ಮುಟ್ಟಬೇಕು. ಒಂದು ಕರೆಗೆ ಒಂದೇ ಭರಣಿ.

“ಕಬ್ಬಿಣದ ಪುಡಿಯೇ, ಸೂಜಿಗಲ್ಲು ಕಂಡರೆ ಓಡಿಬರುವವನೇ, ನೀರು ಕಂಡರೆ ಕೆಡುವವನೇ, ಏಳು.”

“ಪಟಿಕವೇ, ನೀರಿನಲ್ಲಿ ಅಡಗುವವಳೇ, ನೀರು ಆರಿದರೆ ಮರಳುವವಳೇ, ಏಳು.”

“ಕರ್ಪೂರವೇ, ನಿಲ್ಲದವಳೇ, ಬಿಸಿ ತಾಗಿದರೆ ಹಾರುವವಳೇ, ತಂಪು ಸಿಕ್ಕರೆ ಕೂರುವವಳೇ, ಏಳು.”

ಹೀಗೆ ಭರಣಿಗಳಿಟ್ಟ ಗೋಡೆಗೂಡಿನ ಸಾಲೆಲ್ಲ ಮುಗಿದ ಮೇಲೆ ಗುರು ಸಾತವ್ವ ಜಗಲಿಗೆ ಬಂದು, ಕಂಬಳಿ ಹೊದ್ದು ಮಲಗಿದ ಶಿಷ್ಯನ ಕಾಲ ಹತ್ತಿರ ನಿಲ್ಲುತ್ತಿದ್ದಳು.

“ಬಂಕಯ್ಯಾ, ನಿಲ್ಲದವನೇ, ಏಳು.”

ಅಷ್ಟೇ. ಅಲ್ಲಿಗೆ ಮುಗಿಯಿತು. ಎದ್ದವನು ಅರೆಯಲು ಕೂರುವ ಮೊದಲು ತಾನೂ ಭರಣಿಗಳ ಮುಂದೆ ಅದೇ ಕರೆ ಒದರಬೇಕು.

ಬಂಕಯ್ಯನಿಗೆ ಇದು ಬೆಳಬೆಳಗ್ಗೆಯೇ ಮೈ ಉರಿಸುತ್ತಿತ್ತು. ಒಂದು ಚಿಟಿಕೆ ಪುಡಿಗೆ ಅಷ್ಟುದ್ದದ ಮರ್ಯಾದೆ, ತನಗೆ ಒಂದೇ ಮಾತು, ಅದೂ ಬೈಗುಳ!

ಬೈಗುಳವಾದರೂ ಸುಳ್ಳೇನಲ್ಲ ಬಿಡಿ. ಅವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಆಸಾಮಿ. ಕಲ್ಬತ್ತಿನಲ್ಲಿ ಅರೆಯುವಾಗ ಕಣ್ಣು ಹೊಳೆಯ ಮೇಲೆ. ಹೊಳೆಯಲ್ಲಿ ಮೀಯುವಾಗ ಕಣ್ಣು ಆಚೆ ದಡದ ಮೇಲೆ. ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದ, “ಅವ್ವಾ, ನನ್ನನ್ನ ಯಾವಾಗ ಕಳಿಸ್ತೀರಿ? ಕಲ್ತದ್ದು ಸಾಲದಾ?”

“ಎಷ್ಟು ಕಲ್ತಿದೀಯ?”

“ಎಲ್ಲ ಬಾಯಿಪಾಠ ಆಗಿದೆ.”

“ಬಾಯಿಗಾಗಿದೆ. ಸರಿ,” ಅಂತ ಸಾತವ್ವ ತನ್ನ ಕೆಲಸಕ್ಕೆ ತಿರುಗಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅಂಬಿಗ ಜಟ್ಟಪ್ಪ ದೋಣಿ ಕಟ್ಟಿದವನೇ ಓಡುತ್ತ ಬಂದ. ಅವನು ಸಾಮಾನ್ಯಕ್ಕೆ ಓಡುವವನಲ್ಲ.

“ಬಂಕಯ್ಯ, ನಿಮ್ಮೂರಲ್ಲಿ ವಾಂತಿಭೇದಿ ಕಣಪ್ಪ. ಹೊಳೆ ಉಕ್ಕಿ ಬಾವಿಗೆ ನುಗ್ಗಿದೆ. ಜನ ಕೆಸರುನೀರನ್ನೇ ಕುಡೀತವ್ರೆ.”

“ನಮ್ಮತ್ತೆ?”

ಜಟ್ಟಪ್ಪ ತಲೆಯ ಮೇಲಿನ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. “ಮಲಗಿಬಿಟ್ಟವ್ರೆ. ನಿನ್ನ ಹೆಸರು ಹಿಡಿದು ಕೂಗ್ತವ್ರೆ.”

ಅತ್ತೆ ಅಂದರೆ ಪುಟ್ಟೀರಮ್ಮ, ಅಪ್ಪನ ತಂಗಿ. ತಾಯಿಯಿಲ್ಲದ ಬಂಕಯ್ಯನನ್ನು ಎದೆಗೆ ಹಾಕಿಕೊಂಡು ಸಾಕಿದವಳು. ‘ನಮ್ಮೂರಲ್ಲಿ ಕಾಯಿಲೆ ನೋಡೋರಿಲ್ಲ, ನೀನಾದ್ರೂ ಕಲ್ತು ಬಾ’ ಅಂತ ಅವನನ್ನು ಇಲ್ಲಿಗೆ ಕಳಿಸಿದವಳೂ ಅವಳೇ.

“ದೋಣಿ ಯಾವಾಗ ಬಿಡ್ತೀಯ?” ಬಂಕಯ್ಯ ಆಗಲೇ ಎದ್ದು ನಿಂತಿದ್ದ.

“ಹೊತ್ತು ಆ ಹುಣಸೆಮರಕ್ಕೆ ಇಳಿಯೋ ಹೊತ್ತಿಗೆ. ಅದು ದಾಟಿದ್ರೆ ಆಗಲ್ಲಪ್ಪ. ಮೇಲೆ ಮಳೆ ಹಿಡಿದುಬಿಟ್ಟಿದೆ. ಕತ್ತಲಾಗೋದ್ರೊಳಗೆ ಹೊಳೆ ಏರುತ್ತೆ, ಏರಿದ್ರೆ ಇಳಿಯೋ ತನಕ ಈ ದಡದವರು ಈ ದಡಕ್ಕೇ.”

ಸಾತವ್ವ ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟಳು.

“ಹೋಗು. ಮೂರು ಭರಣಿ ತಗೋ. ಪಟಿಕ ನೀರಿಗೆ, ಕರ್ಪೂರ ಮಲಗಿದೋರಿಗೆ, ಕಬ್ಬಿಣ ಎದ್ದು ಕೂತೋರಿಗೆ. ಪಟಿಕ ಹಾಕಿ ತಿಳಿಯಾದ ನೀರನ್ನ ಕುದಿಸದೆ ಯಾರಿಗೂ ಕೊಡಬೇಡ.”

“ಆಯ್ತವ್ವ.”

“ಎಬ್ಬಿಸಿ ತಗೋ.”

ಆ ಕೊನೆಯ ಮಾತು ಅವನ ಬೆನ್ನಿಗೆ ಬಿತ್ತು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಅಲ್ಲಿ ಜೀವ ಹಿಡಿದುಕೊಂಡು ಮಲಗಿದ್ದಾಳೆ, ಇಲ್ಲಿ ಭರಣಿಗೆ ಸುಪ್ರಭಾತ ಹಾಡುತ್ತ ಕೂರಲಾ? ಬಂಕಯ್ಯ ಔಷಧದ ಮನೆಗೆ ನುಗ್ಗಿ ಮೂರು ಭರಣಿಯನ್ನೂ ಒಂದೇ ತೆಕ್ಕೆಗೆ ಬಾಚಿದ. ತಿರುಗಿದ. ಕಾಲು ಜಾರಿತು.

ಆ ನೆಲಕ್ಕೆ ಹಸಿ ಹೋಗಲಿ ಅಂತ ಅವತ್ತೇ ಹೊಳೆಮರಳು ಹಾಸಿದ್ದರು. ಮೂರು ಭರಣಿಯೂ ಅದರ ಮೇಲೆ ಬಿದ್ದು ಹೋಳಾದವು. ಕಪ್ಪು ಪುಡಿ, ಬಿಳಿ ಪುಡಿ, ಇನ್ನೊಂದು ಬಿಳಿ ಪುಡಿ, ಮರಳು. ಎತ್ತಲು ಹೋಗಿ ಅವನೇ ಅಂಗೈಯಲ್ಲಿ ಇನ್ನಷ್ಟು ಕಲಸಿಬಿಟ್ಟ.

ಅಯ್ಯೋ ಶಿವನೇ!

ಬಾಗಿಲಲ್ಲಿ ಸಾತವ್ವನ ನೆರಳು ಬಿತ್ತು.

“ಅವ್ವಾ, ಬೇರೆ ಭರಣಿ ಇದೆಯಾ?”

“ಇದ್ದದ್ದು ಇಷ್ಟೇ. ಇನ್ನು ಸಾಮಾನಿನ ಗಾಡಿ ಬರೋದು ಹೊಳೆ ಇಳಿದ ಮೇಲೆ.”

“ಹಾಗಾದ್ರೆ ಹೀಗೇ ಗಂಟು ಕಟ್ಕೊಂಡು ಹೋಗ್ತೀನಿ.”

“ಕಟ್ಕೊ. ಮಲಗಿದೋರಿಗೆ ಕಬ್ಬಿಣ ತಿನ್ನಿಸು, ಮರಳು ತಿನ್ನಿಸು. ನಿಮ್ಮತ್ತೆಗೆ ಮೊದಲು ತಿನ್ನಿಸು.”

ಬಂಕಯ್ಯ ತಲೆ ತಗ್ಗಿಸಿದ. “ಮತ್ತೆ ಏನು ಮಾಡ್ಲಿ?”

“ನನ್ನನ್ನ ಯಾಕೆ ಕೇಳ್ತೀಯ? ಅವನ್ನ ಕೇಳು,” ಅಂದವಳು ಹೊರಗೆ ಹೋಗಿ ಒಲೆಯ ಹತ್ತಿರ ಕುಳಿತಳು.

ಕೇಳುವುದಂತೆ! ಪುಡಿಯನ್ನು ಕೇಳುವುದಂತೆ! ಬಂಕಯ್ಯ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಒಂದು ಹರಿವಾಣಕ್ಕೆ ಬಳಿದು, ಅಂಗಳಕ್ಕೆ ತಂದ. ಹೊತ್ತು ನೋಡಿದ. ಹುಣಸೆಮರಕ್ಕೆ ಇನ್ನೂ ದೂರವಿತ್ತು.

ಅವನು ರಾಗಿ ಬೆಳೆಯುವವರ ಮನೆಯ ಮಗ. ಬೆರೆತದ್ದು ಕಂಡರೆ ಕೈ ತಾನಾಗಿ ಮೊರಕ್ಕೆ ಹೋಗುತ್ತದೆ. ಮೊರದಲ್ಲಿ ಒಂದು ಪಾಲು ಸುರಿದುಕೊಂಡು ಕೇರಿದ. ಕೇರುವುದೆಂದರೆ ಅವನಿಗೆ ನೀರು ಕುಡಿದ ಹಾಗೆ. ಎಡಕ್ಕೊಂದು ತಟ್ಟು, ಬಲಕ್ಕೊಂದು ತಟ್ಟು. ಬಿಳಿ ಧೂಳು ಭುಸ್ಸನೆ ಎದ್ದು ಗಾಳಿಯ ಜೊತೆ ಹೊಳೆಯ ಕಡೆ ಹೋಯಿತು. ಮಿಕ್ಕದ್ದು ಇದ್ದ ಹಾಗೆಯೇ ಕುಣಿಯಿತು.

“ಏನು ಮಾಡ್ತಿದೀಯ?” ಸಾತವ್ವ ಕೂತಲ್ಲಿಂದಲೇ ಕೇಳಿದಳು.

“ಕೇರ್ತಿದೀನಿ.”

“ಯಾಕೆ?”

“ಯಾಕೆ ಅಂದ್ರೆ? ನನಗೆ ಬರೋದು ಇದು!”

“ನಿನಗೆ ಬರುತ್ತೆ ಸರಿ. ಅವಕ್ಕೆ ಬರುತ್ತಾ?”

ಬಂಕಯ್ಯ ಮಿಕ್ಕದ್ದನ್ನು ಹರಿವಾಣಕ್ಕೆ ಸುರಿದು ಮೊರ ಎಸೆದ.

ನೀರು! ನೀರು ಎಲ್ಲವನ್ನೂ ತೊಳೆಯುತ್ತದೆ. ಕೊಳದಪ್ಪಲೆಗೆ ನೀರು ಹೊಯ್ದು, ಇನ್ನೊಂದು ಪಾಲು ಸುರಿದು, ಕೈ ಹಾಕಿ ಗಿರಗಿರನೆ ತಿರುಗಿಸಿದ. ಕರ್ಪೂರದ ಚೂರುಗಳು ಮೇಲೆ ತೇಲಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಅಂಚಿನಿಂದ ಅಂಚಿಗೆ ಓಡಾಡಿದವು. ಹಿಡಿಯಲು ಹೋದರೆ ಬೆರಳ ಸಂದಿಯಲ್ಲಿ ನುಸುಳಿದವು. ತಳದಲ್ಲಿ ಕಬ್ಬಿಣವೂ ಮರಳೂ ಒಂದೇ ರಾಡಿಯಾಗಿ ಕೂತವು. ಪಟಿಕ ಮಾತ್ರ ಎಲ್ಲಿಯೂ ಇಲ್ಲ. ಕಲಕಿದ, ಬಗ್ಗಿ ನೋಡಿದ. ಇಲ್ಲ!

“ಹಾಳಾಗಿ ಹೋಗ್ಲಿ,” ಅಂತ ತಪ್ಪಲೆ ಎತ್ತಿ ಎಲ್ಲವನ್ನೂ ಬೇಲಿಯ ಬುಡಕ್ಕೆ ಚೆಲ್ಲಿದ.

ಸಾತವ್ವ ಆ ನೀರು ಹರಿದು ಹೋಗುವುದನ್ನೇ ನೋಡಿದಳು. “ಬೇಲಿಗೆ ವಾಂತಿಭೇದಿಯಾ?”

ಅವನು ಖಾಲಿ ತಪ್ಪಲೆ ಬದಿಗೆ ತಳ್ಳಿದ. ಒಲೆಗೆ ಹೋದ. ಸೌದೆ ತುರುಕಿ ಉರಿ ಎಬ್ಬಿಸಿದ. ಬಾಣಲೆಯಲ್ಲಿ ಮತ್ತೊಂದು ಪಾಲು ಹಾಕಿದ. ಏನಾಗುತ್ತದೋ ಆಗಲಿ, ಬೆಂಕಿ ಯಾರ ಮಾತನ್ನಾದರೂ ಕೇಳಿಸುತ್ತದೆ ಅಂತ ಮರದ ಹುಟ್ಟಿನಿಂದ ತಿರುವಿದ. ಬಾಣಲೆಯಿಂದ ಬಿಳಿ ಹಬೆ ಎದ್ದಿತು. ಅಂಗಳ, ಜಗಲಿ, ಹೊಳೆ ದಂಡೆ ಎಲ್ಲ ಘಮಘಮ ಅಂದವು.

ದಂಡೆಯಿಂದ ಜಟ್ಟಪ್ಪ ಕೂಗಿದ, “ಏನು ಬಂಕಯ್ಯ, ಮಂಗಳಾರತಿಯಾ?”

ಆಗ ಅವನಿಗೆ ತಿಳಿಯಿತು. ಬಾಣಲೆ ಇಳಿಸಿದ. ತಡವಾಗಿತ್ತು. ಅದರಲ್ಲಿ ಕರ್ಪೂರದ ಒಂದು ಕಣವೂ ಉಳಿದಿರಲಿಲ್ಲ.

ಸಾತವ್ವ ಮೂಗೆಳೆದಳು. “ಚೆನ್ನಾಗಿದೆ ವಾಸನೆ. ಇಲ್ಲಿಂದ ನಿಮ್ಮತ್ತೆಯ ಮೂಗಿಗೆ ಹೋಗುತ್ತಾ?”

ಅಷ್ಟೇ ಸಾಕಾಯಿತು. ಬಂಕಯ್ಯ ಹುಟ್ಟು ನೆಲಕ್ಕೆ ಕುಕ್ಕಿದ.

“ಅಲ್ಲಿ ಜೀವ ಹೋಗ್ತಿದೆ! ನೀವು ಇಲ್ಲಿ ಕೂತು ಒಗಟು ಹಾಕ್ತೀರಿ! ನಿಮಗೆ ಗೊತ್ತು, ಹೇಳಿಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ? ಅವಳು ಸತ್ರೆ ನಾನು ಬದುಕಿದ್ದು ಏನು ಬಂತು?” ಕೂಗುತ್ತ ಕೂಗುತ್ತಲೇ ಅವನಿಗೆ ಅಳು ಬಂತು. ಕೂಸಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅತ್ತೆ ಇಲ್ಲದ ಮನೆ ಕಣ್ಣಿಗೆ ಕಟ್ಟಿತು, ಅದರೊಳಗೆ ಕಾಲಿಡಲು ಅವನಿಗೆ ಭಯವಾಯಿತು.

ಅಳು ಇಳಿದ ಮೇಲೆ ಸಾತವ್ವ ಅವನ ಕಡೆ ತಿರುಗಿ ಕೂತಳು.

“ಹೇಳಿಕೊಡದೆ ಇದ್ದೆನಾ?” ಅಂದಳು. “ದಿನಾ ಹೇಳಿದೆ. ದಿನಾ ನೀನೂ ಹೇಳಿದೆ.”

ಬಂಕಯ್ಯ ಕಣ್ಣೊರೆಸಿಕೊಂಡು ನೋಡಿದ.

“ಇವತ್ತು ಎಬ್ಬಿಸಿದೆಯಾ ಅವನ್ನ?”

“ಇಲ್ಲ.”

“ನಿದ್ದೆಯಲ್ಲಿರೋರನ್ನ ಎಳೆದಾಡಿದ್ರೆ ಯಾರು ತಾನೇ ಮಾತಾಡ್ತಾರೆ?”

ಈ ಮಾತಿಗೂ ಅವನಿಗೆ ಸಿಟ್ಟೇ ಬಂತು. ಆದರೆ ಇನ್ನು ಮಾಡುವುದಕ್ಕೆ ಬೇರೆ ಏನೂ ಹೊಳೆಯಲಿಲ್ಲ. ಉಳಿದದ್ದನ್ನು ಹರಿವಾಣದಲ್ಲಿ ಹರವಿ, ಮುಂದೆ ಮಂಡಿಯೂರಿ, ಗಡಗಡನೆ ಒದರತೊಡಗಿದ. “ಕಬ್ಬಿಣದ ಪುಡಿಯೇ, ಸೂಜಿಗಲ್ಲು ಕಂಡರೆ ಓಡಿಬರುವವನೇ, ನೀರು ಕಂಡರೆ...”

ನಾಲಗೆ ಅಲ್ಲೇ ನಿಂತಿತು.

ಇಷ್ಟು ಕಾಲ ಬೆಳಗಾದರೆ ಒದರಿದ್ದ ಮಾತು, ಇವತ್ತು ಮೊದಲ ಸಲ ಅವನ ಕಿವಿಗೆ ಬಿದ್ದಿತ್ತು.

“ಸೂಜಿಗಲ್ಲು ಎಲ್ಲಿ?” ಅಂತ ಕಿರುಚಿಕೊಂಡು ಅವನು ಔಷಧದ ಮನೆಗೆ ಓಡಿದ.

ಓಡಿದವನು ಬಾಗಿಲಲ್ಲಿ ತಡೆದು ನಿಂತ. ಗೂಡಿನ ಮುಂದೆ ಕೈ ಮುಗಿದ. ಆಮೇಲೆ ಸೂಜಿಗಲ್ಲು ತೆಗೆದುಕೊಂಡ. ಅದಕ್ಕೊಂದು ತೆಳು ಬಟ್ಟೆ ಸುತ್ತಿ, ಹರಿವಾಣದ ಮೇಲೆ ಮೆಲ್ಲಗೆ ಆಡಿಸಿದ. ಕಪ್ಪು ಪುಡಿ ಎದ್ದು ಬಂದು ಬಟ್ಟೆಯ ತುಂಬ ಮುಳ್ಳುಹಂದಿಯ ಹಾಗೆ ನಿಮಿರಿ ನಿಂತಿತು. ಬಟ್ಟೆ ಬಿಚ್ಚಿದರೆ ಪುಡಿ ತಟ್ಟೆಗೆ ಉದುರಿತು. ಮತ್ತೆ ಆಡಿಸಿದ, ಮತ್ತೆ ಉದುರಿಸಿದ. ಬಾಣಲೆಯಲ್ಲಿ ಉಳಿದದ್ದನ್ನೂ ಆರಿಸಿ ತಂದು ಇದರ ಜೊತೆ ಹಾಕಿ ಆಡಿಸಿದ. ಕಪ್ಪು ಮುಗಿದು ಬರೀ ಬಿಳಿಯೂ ಮರಳೂ ಉಳಿಯಿತು.

“ಇದು ಮೊದಲೇ ಯಾಕೆ?” ಸಾತವ್ವ ಕೇಳಿದಳು.

“ನೀರು ಕಂಡ್ರೆ ಕೆಡ್ತಾನೆ. ನೀರಿಗಿಂತ ಮೊದಲೇ ಇವನನ್ನ ಈಚೆ ಕರೀಬೇಕಿತ್ತು.” ಉತ್ತರ ಕೊಡುತ್ತಲೇ ಅವನು ಗಡಿಗೆ ಹುಡುಕುತ್ತಿದ್ದ.

ಈ ಸಲ ಒಲೆಯ ಉರಿ ಆರಿಸಿದ. ಕೆಂಡದ ಮೇಲೆ ಬೂದಿ ಮುಚ್ಚಿದ. ಉಳಿದದ್ದೆಲ್ಲ ಒಂದು ಗಡಿಗೆಗೆ, ಅದರ ಬಾಯಿಗೆ ಇನ್ನೊಂದು ಗಡಿಗೆ ಬೋರಲು, ನಡುವಿನ ಸಂದಿಗೆ ಹಸಿಮಣ್ಣು, ಮೇಲಿನ ಗಡಿಗೆಯ ಬೆನ್ನಿಗೆ ಒದ್ದೆ ಬಟ್ಟೆ. ಬಿಸಿ ಕೆಳಗೆ, ತಂಪು ಮೇಲೆ.

ಇನ್ನು ಕಾಯಬೇಕು. ಅವನಿಗೆ ಬಾರದ ವಿದ್ಯೆ ಅದೊಂದೇ.

ಹೊತ್ತು ಇಳಿಯುತ್ತಿತ್ತು. ಬಂಕಯ್ಯ ಕೂತ, ಎದ್ದ, ಗಡಿಗೆಗೆ ಕಿವಿಯಿಟ್ಟ, ಬೆರಳಿಟ್ಟು ಸುಟ್ಟುಕೊಂಡ.

“ಅವ್ವಾ, ಒಂಚೂರು ತೆಗೆದು ನೋಡ್ಲಾ?”

“ನೋಡು. ಅವಳೂ ನಿನ್ನ ನೋಡ್ತಾ ಈಚೆ ಬರ್ತಾಳೆ.”

ಕೈ ಹಿಂದಕ್ಕೆ ಎಳೆದುಕೊಂಡ. ಮತ್ತೆ ಎದ್ದ. ಹಾಗೆ ನೋಡುವಾಗಲೇ ಮೇಲಿನ ಬಟ್ಟೆ ಆರುತ್ತಿರುವುದು ಕಣ್ಣಿಗೆ ಬಿತ್ತು. ಬಟ್ಟೆ ಬಿಸಿಯಾದರೆ ತಂಪೆಲ್ಲಿ? ಅದನ್ನು ಕಿತ್ತುಕೊಂಡು ಹೊಳೆಗೆ ಓಡಿ ಅದ್ದಿ ತಂದು ಹೊದಿಸಿದ. ಅದು ಆರುವಷ್ಟರಲ್ಲಿ ಇನ್ನೊಂದು. ಹೊಳೆಗೂ ಒಲೆಗೂ ಓಡಿದ, ಒಲೆಗೂ ಹೊಳೆಗೂ ಓಡಿದ. ಸಾತವ್ವ ಅವನ ಓಟ ನೋಡುತ್ತಿದ್ದಳು. ನಿಲ್ಲು ಅನ್ನಲಿಲ್ಲ, ಕೂರು ಅನ್ನಲಿಲ್ಲ.

ಕೊನೆಗೆ ಅವಳೇ, “ಸಾಕು, ಇಳಿಸು,” ಅಂದಳು.

ಗಡಿಗೆ ತಣಿಯುವ ತನಕವೂ ಕಾದ. ಹೇಗೆ ಕಾದನೋ ಅವನಿಗೇ ಗೊತ್ತು. ಮಣ್ಣು ಬಿಡಿಸಿ ಮೇಲಿನ ಗಡಿಗೆ ಮಗುಚಿದರೆ, ಒಳಮೈಗೆಲ್ಲ ಅಚ್ಚ ಬಿಳಿಯ ಕರ್ಪೂರ ಕೂತಿತ್ತು. ಧೂಳಿಲ್ಲ, ಮರಳಿಲ್ಲ. ಬಂಕಯ್ಯ ಕೋಳಿಗರಿಯಿಂದ ಅದನ್ನು ಕೆರೆದು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಮುಚ್ಚಳಕ್ಕೂ ಬಟ್ಟೆ ಕಟ್ಟಿದ. ತುಂಬಿದ್ದು ಭರಣಿಯಲ್ಲಿದ್ದುದರ ಅರ್ಧವೂ ಇರಲಿಲ್ಲ.

“ಅರ್ಧ ಹೋಯ್ತಲ್ಲ ಅವ್ವ.”

“ಹೋಯ್ತು.”

“ಮಲಗಿದೋರಿಗೆಲ್ಲ ಸಾಲಲ್ಲ.”

“ಸಾಲಲ್ಲ.”

ಅವಳು ಅದಕ್ಕೆ ಒಂದು ಸಮಾಧಾನದ ಮಾತೂ ಸೇರಿಸಲಿಲ್ಲ. ಬಂಕಯ್ಯನೂ ಕೇಳಲಿಲ್ಲ. ಕಣ್ಣು ಒರೆಸಿಕೊಂಡು ಪಟಿಕಕ್ಕೆ ತಿರುಗಿದ.

ನೀರಿನಲ್ಲಿ ಅಡಗುವವಳು. ಕೆಳಗಿನ ಗಡಿಗೆಯಲ್ಲಿ ಉಳಿದದ್ದಕ್ಕೆ ಬಿಸಿನೀರು ಹೊಯ್ದು ಕಲಕಿದ. ಈ ಸಲ ಪಟಿಕ ಕಾಣೆಯಾದರೆ ಅವನು ಹೆದರಲಿಲ್ಲ. ಬಟ್ಟೆ ಕಟ್ಟಿ ಸೋಸಿದ. ಬಟ್ಟೆಯ ಮೇಲೆ ಬರೀ ಮರಳು ನಿಂತಿತು, ಕೆಳಗೆ ನೀರು ತಿಳಿಯಾಗಿ ಇಳಿಯಿತು. ಇನ್ನು ನೀರು ಆರಿದರೆ ಮರಳುವವಳು. ಆ ನೀರನ್ನು ಬಾಣಲೆಗೆ ಸುರಿದು ಒಲೆಗೇರಿಸಿ, ಊದುಕೊಳವೆ ಹಿಡಿದು ಉಬ್ಬಸ ಬರುವ ಹಾಗೆ ಊದತೊಡಗಿದ.

“ಬಂಕಯ್ಯೋ!” ದಂಡೆಯಿಂದ ಜಟ್ಟಪ್ಪನ ಕೂಗು ಬಂತು. “ಹೊತ್ತು ಮರಕ್ಕೆ ಬಂತು ಕಣೋ! ಇನ್ನು ನಿಲ್ಲೋಕಾಗಲ್ಲ!”

“ಒಂದು ಗಳಿಗೆ ಜಟ್ಟಪ್ಪಾ! ನಿನ್ನ ದಮ್ಮಯ್ಯ!” ಬಂಕಯ್ಯ ಊದಿದ. ನೀರು ಕುದಿಯುತ್ತಿತ್ತು, ಇಂಗುತ್ತಿರಲಿಲ್ಲ. ಕಣ್ಣಿಗೆ ಹೊಗೆ, ಬಾಯಿಗೆ ಬೂದಿ. “ಆರಲ್ಲ ಅವ್ವ, ಇದು ಆರಲ್ಲ! ದೋಣಿ ಹೋಗ್ಬಿಡುತ್ತೆ!”

ಸಾತವ್ವ ಎದ್ದು ಬಂದು ಅವನ ಕೈಯಿಂದ ಊದುಕೊಳವೆ ತೆಗೆದುಕೊಂಡಳು.

“ಊರಿಗೆ ಹೋಗಿ ಪಟಿಕವನ್ನ ಏನು ಮಾಡ್ತೀಯ?”

“ನೀರಿಗೆ ಹಾಕ್ತೀನಿ!”

“ಈಗ ಎಲ್ಲಿದೆ?”

“ನೀರಲ್ಲಿ...”

ಬಂಕಯ್ಯ ಬಾಣಲೆ ನೋಡಿದ. ಬೂದಿ ಮೆತ್ತಿದ ಮುಖದಲ್ಲಿ, ಆ ಗಾಬರಿಯ ನಡುವೆಯೂ, ಒಂದು ನಗು ಬಂದುಬಿಟ್ಟಿತು. “ಥೂ ನನ್ನ!” ಅಂದುಕೊಂಡು ಬಾಣಲೆಯ ನೀರನ್ನು ಸೋರೆಬುರುಡೆಗೆ ಬಗ್ಗಿಸಿ ಬಿರಡೆ ಹಾಕಿದ. ಬುರುಡೆ ಹೆಗಲಿಗೆ, ಡಬ್ಬಿ ಸೊಂಟಕ್ಕೆ, ಕಬ್ಬಿಣದ ಪೊಟ್ಟಣ ಮಡಿಲಿಗೆ.

“ಈ ಮರಳು?”

“ನೆಲಕ್ಕೆ ಹಾಸ್ತೀನಿ. ನೀನು ತಿರುಗಿ ಬಂದು ಜಾರೋದಕ್ಕೆ ಬೇಕಲ್ಲ.”

ಅವನು ಬಗ್ಗಿ ಅವಳ ಕಾಲು ಮುಟ್ಟಿ ದಂಡೆಗೆ ಓಡಿದ. ಸಾತವ್ವ ಹಿಂದೆಯೇ ನಡೆದು ಬಂದಳು. ಜಟ್ಟಪ್ಪ ಆಗಲೇ ಹಗ್ಗ ಬಿಚ್ಚಿ ಗಳ ಹಿಡಿದು ನಿಂತಿದ್ದ. ಬಂಕಯ್ಯ ಹಾರಿ ಹತ್ತಿದ. ದೋಣಿ ಹೊಯ್ದಾಡಿ ನೀರಿಗೆ ಬಿತ್ತು.

ದಡ ಸ್ವಲ್ಪ ದೂರವಾಗುತ್ತಲೇ ಅವನು ತಟ್ಟನೆ ಎದ್ದು ನಿಂತ.

“ಕೂತ್ಕೊಳಯ್ಯ, ಮುಳುಗಿಸ್ತೀಯ!” ಜಟ್ಟಪ್ಪ ಗದರಿದ.

ಬಂಕಯ್ಯ ಕೂರಲಿಲ್ಲ. ಎದೆಯಲ್ಲಿ ಇಷ್ಟು ಕಾಲ ಉರಿದದ್ದು ಆ ಗಳಿಗೆಯಲ್ಲೇ ಬಾಯಿಗೆ ಬಂತು.

“ಅವ್ವಾ! ಕರ್ಪೂರಾನೂ ನಿಲ್ಲದವಳೇ. ಅವಳಿಗೆ ಮುಂದಕ್ಕೆ ಇನ್ನೂ ಇದೆ. ಬಿಸಿ ತಾಗಿದ್ರೆ ಹಿಂಗೆ, ತಂಪು ಸಿಕ್ಕರೆ ಹಂಗೆ ಅಂತ. ನನ್ನದನ್ನ ಯಾಕೆ ಅರ್ಧಕ್ಕೇ ನಿಲ್ಲಿಸ್ತಿದ್ರಿ? ಉಳಿದದ್ದೇನು?”

ಸಾತವ್ವ ನೀರಿನ ಅಂಚಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

“ನನಗೆಲ್ಲಿ ಗೊತ್ತೋ! ನಿನ್ನನ್ನ ಇನ್ನೂ ಬಿಸಿಗೆ ಹಿಡಿದಿರಲಿಲ್ಲ. ಹೋಗಿ ಬಾ, ಬಂದು ನೀನೇ ಹೇಳು.”